ಒಲೆಗೆ ಊದುಗೊಳವೆ, ಕಾರಿಗೆ ಟರ್ಬೊ

ಮನೆಯಲ್ಲಿ ನಾಲ್ಕು ಜನ ಗಂಡಸರು ಸೇರಿದರೆ ಮಾತು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಬಂದು ನಿಲ್ಲುವುದು ಎರಡೇ ಕಡೆ. ಒಂದು ರಾಜಕೀಯ, ಇನ್ನೊಂದು ಕಾರು. ನೀವು ಕಾಫಿ ತೆಗೆದುಕೊಂಡು ನಡುಮನೆಗೆ ಹೋಗುವಷ್ಟರಲ್ಲಿ ‘ಟರ್ಬೊ’, ‘ಟಾರ್ಕು’, ‘ಪಿಕಪ್ಪು’ ಅಂತ ಏನೇನೋ ಕಿವಿಗೆ ಬೀಳುತ್ತದೆ. ‘ಏನೋ ಅದು?’ ಎಂದು ಕೇಳಿದಿರೋ, ‘ನಿನಗೆ ಅದೆಲ್ಲ ಗೊತ್ತಾಗೋಲ್ಲ ಬಿಡಮ್ಮ’ ಎಂದು ಮಗರಾಯ ನಗುತ್ತಾ ಲೋಟ ಎತ್ತಿಕೊಳ್ಳುತ್ತಾನೆ.

ಯಾಕೆ ಗೊತ್ತಾಗಬಾರದು? ಸೌದೆ ಒಲೆ ಊದಿ ಬಲ್ಲವರಿಗೆ ಟರ್ಬೊ ಅರ್ಥವಾಗದಿದ್ದರೆ ಇನ್ನಾರಿಗೆ ಅರ್ಥವಾದೀತು ಹೇಳಿ!

ನಮಗ್ಯಾಕ್ರೀ ಕಾರಿನ ಗೊಡವೆ ಅಂತೀರಾ? ಸ್ವಲ್ಪ ತಾಳಿ. ಈಗ ನಮ್ಮ ಸಣ್ಣ ಊರುಗಳ ಷೋರೂಮಿನಲ್ಲೂ ಬೆನ್ನ ಮೇಲೆ ‘ಟರ್ಬೊ’ ಎಂದು ಬರೆಸಿಕೊಂಡ ಕಾರುಗಳು ಬಂದು ನಿಂತಿವೆ. ನಾಳೆ ನಿಮ್ಮ ಮನೆಯ ಮುಂದೂ ಒಂದು ಬಂದು ನಿಲ್ಲಬಹುದು. ಅದಕ್ಕೆ ಮೊದಲೇ ಈ ಟರ್ಬೊ ಎಂದರೇನು, ಕಾರಿನ ಹುಚ್ಚಿನವರು ಅದನ್ನು ಅಷ್ಟೇಕೆ ಕೊಂಡಾಡುತ್ತಾರೆ, ಅಷ್ಟೇಕೆ ಬೈಯುತ್ತಾರೆ ಎಂದು ತಿಳಿದುಕೊಂಡರೆ ನಷ್ಟವೇನೂ ಇಲ್ಲ. ಇಂಗ್ಲೆಂಡಿನಲ್ಲಿ ಒಂದು ಟರ್ಬೊ ಕಾರಿನ ವಿಷಯವಾಗಿ ದೊಡ್ಡ ರಂಪವೇ ಆಗಿತ್ತು. ಆ ಕಥೆಯನ್ನೂ ಹೇಳುತ್ತೇನೆ, ಕೇಳಿ.

ಊದುಗೊಳವೆಯ ಗುಟ್ಟು

ಒಲೆಗೆ ಸೌದೆ ಎಷ್ಟು ತುರುಕಿದರೂ ಗಾಳಿ ಸಾಲದಿದ್ದರೆ ಹೊಗೆ ಬರುತ್ತದೆಯೇ ಹೊರತು ಉರಿ ಏಳುವುದಿಲ್ಲ. ಊದುಗೊಳವೆ ತೆಗೆದುಕೊಂಡು ಎರಡು ಸಲ ಜೋರಾಗಿ ಊದಿ ನೋಡಿ, ಭಗ್ಗನೆ ಹತ್ತಿಕೊಳ್ಳುತ್ತದೆ. ಕಾರಿನ ಎಂಜಿನ್ನೂ ಅಷ್ಟೆ. ಪೆಟ್ರೋಲು ಹೆಚ್ಚು ಸುರಿದರೆ ಸಾಲದು, ಅದಕ್ಕೆ ತಕ್ಕ ಗಾಳಿಯೂ ಒಳಗೆ ಹೋಗಬೇಕು. ಸಾಮಾನ್ಯ ಎಂಜಿನ್ನು ತನಗೆ ಬೇಕಾದ ಗಾಳಿಯನ್ನು ತಾನೇ ಉಸಿರೆಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಗಾಳಿಯನ್ನು ಒತ್ತಿ ಒತ್ತಿ ಒಳಗೆ ತುಂಬುತ್ತದೆ.

ಹಾಗಾದರೆ ಊದುವವರು ಯಾರು? ಜಾಣತನ ಇರುವುದೇ ಇಲ್ಲಿ. ಎಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರ ಇಟ್ಟಿರುತ್ತಾರೆ. ಹೊಗೆಯ ರಭಸಕ್ಕೆ ಅದು ಗಿರಗಿರನೆ ತಿರುಗುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒಳಕ್ಕೆ ನೂಕುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಹೆಚ್ಚು ತಿರುಗುತ್ತದಂತೆ ಈ ಚಕ್ರ! ಸುಮ್ಮನೆ ಹಾಳಾಗಿ ಹೋಗುತ್ತಿದ್ದ ಹೊಗೆಯಿಂದಲೇ ಕೆಲಸ ತೆಗೆಯುವುದು. ಅನ್ನ ಬಸಿದ ಗಂಜಿಯನ್ನು ಚೆಲ್ಲದೆ ಸೀರೆಗೆ ಹಾಕುವ ನಮ್ಮ ಲೆಕ್ಕಾಚಾರವೇ ಇದು. ಸ್ವಿಟ್ಸರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಮನೆಮಂದಿ ಓಡಾಡುವ ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ಮೊದಲು ಬಂದವುಗಳಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬುದೂ ಒಂದು. ಒತ್ತಿ ತುಂಬಿದ ಗಾಳಿಯ ಕಾವು ತಡೆಯಲೆಂದು ಅದರ ಎಂಜಿನ್ನಿಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರಾವಣವೊಂದನ್ನು ಚಿಮುಕಿಸುವ ಏರ್ಪಾಡಿತ್ತು. ದ್ರಾವಣ ಮುಗಿದರೆ ಟರ್ಬೊ ಸುಮ್ಮನಾಗುತ್ತಿತ್ತು. ಮತ್ತೆ ಮತ್ತೆ ತುಂಬಿಸುವುದನ್ನು ಕಾರಿನ ಯಜಮಾನರು ಮರೆತೇ ಬಿಡುತ್ತಿದ್ದರು. ಕೊನೆಗೆ ಬೇಸತ್ತು ಎಷ್ಟೋ ಜನ ಟರ್ಬೊವನ್ನೇ ಕಿತ್ತು ಹಾಕಿಸಿದರು. ಕುಕ್ಕರಿಗೆ ನೀರು ಹಾಕುವುದನ್ನು ನಾವು ಒಂದು ದಿನ ಮರೆತರೆ ಏನೆಲ್ಲ ಅನ್ನಿಸಿಕೊಳ್ಳುತ್ತೇವೆ, ನೆನಪಿಸಿಕೊಳ್ಳಿ!

ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ 1973ರಲ್ಲಿ ತನ್ನ ‘2002 ಟರ್ಬೊ’ ಕಾರನ್ನು ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿಟ್ಟಿತು. ನಮ್ಮ ಆಂಬುಲೆನ್ಸಿನ ಮೇಲೆ ಬರೆಯುತ್ತಾರಲ್ಲ, ಹಾಗೆ ಅದರ ಮೂತಿಯ ಮೇಲೆ ಹೆಸರನ್ನು ತಿರುಗುಮುರುಗಾಗಿ ಬರೆದಿದ್ದರು. ಮುಂದಿನ ಕಾರಿನವನು ಕನ್ನಡಿ ನೋಡಿ ದಾರಿ ಬಿಡಲಿ ಎಂಬ ಠೀವಿ ಅದು. ‘ಏನಿದು ಸೊಕ್ಕು!’ ಎಂದು ಆ ದೇಶದಲ್ಲಿ ಗಲಾಟೆಯಾಯಿತು. ಅಷ್ಟರಲ್ಲಿ ಅರಬ್ ದೇಶಗಳಿಂದ ತೈಲದ ಬಿಕ್ಕಟ್ಟು ಬಂತು. ನವೆಂಬರ್ 25ರಿಂದ ನಾಲ್ಕು ಭಾನುವಾರ ಅಲ್ಲಿ ಕಾರು ಓಡಿಸುವುದನ್ನೇ ಸರ್ಕಾರ ನಿಲ್ಲಿಸಿತು. ಮೆರೆಯಲು ಬಂದ ಕಾರು 1,672ರ ಸಂಖ್ಯೆಗೇ ಮುಗಿಯಿತು.

ಆ ಕಾಲದ ಟರ್ಬೊ ಕಾರುಗಳ ಮೇಲೆ ದೊಡ್ಡ ದೂರೊಂದಿತ್ತು. ಕಾಲು ಒತ್ತಿದ ಕೂಡಲೇ ಶಕ್ತಿ ಬರುವುದಿಲ್ಲ. ಊದಿದ ಮೇಲೆ ಉರಿ ಏಳಲು ಒಂದು ಗಳಿಗೆ ಬೇಕಲ್ಲ, ಹಾಗೆ. ಇದಕ್ಕೆ ‘ಲ್ಯಾಗ್’ ಅನ್ನುತ್ತಾರೆ. ಆಮೇಲೆ ಒಮ್ಮೆಲೇ ಕತ್ತು ಹಿಡಿದು ನೂಕಿದಂತೆ ಬರುತ್ತದೆ. ಸ್ವೀಡನ್ನಿನ ಸಾಬ್ ಕಂಪನಿ 1977ರಲ್ಲಿ ತೋರಿಸಿದ ‘99 ಟರ್ಬೊ’ ಕಾರಿನಲ್ಲಿ ಇದನ್ನು ಪಳಗಿಸಿತು. ಸಣ್ಣ ಚಕ್ರ ಇಟ್ಟು, ಒತ್ತಡ ಮಿತಿ ಮೀರಿದರೆ ಹೊಗೆಯನ್ನು ಪಕ್ಕದಿಂದ ಹಾಯಿಸಿಬಿಡುವ ಪುಟ್ಟ ಬಾಗಿಲೊಂದನ್ನು ಜೋಡಿಸಿತು. ನಮ್ಮ ಕುಕ್ಕರಿನ ವೆಯ್ಟು ಮಾಡುವ ಕೆಲಸ ಅದರದ್ದು.

ಸಾಧು ಮುಖದ ಹುಲಿ

ಈಗ ರಂಪದ ಕಥೆಗೆ ಬರೋಣ. ಇಂಗ್ಲೆಂಡಿನಲ್ಲಿ ವಾಕ್ಸ್‌ಹಾಲ್ ಕಾರ್ಲ್ಟನ್ ಅಂತ ಒಂದು ಕಾರಿತ್ತು. ಯೂರೋಪಿನ ಬೇರೆ ಕಡೆ ಅದಕ್ಕೇ ಓಪೆಲ್ ಒಮೇಗಾ ಎಂಬ ಹೆಸರು. ಐದು ಜನ ಆರಾಮಾಗಿ ಕೂರಬಹುದು, ಡಿಕ್ಕಿಯಲ್ಲಿ ಮನೆ ಸಾಮಾನೆಲ್ಲ ಹಿಡಿಯುತ್ತದೆ. ತಿರುಗಿ ನೋಡುವಂಥದ್ದೇನೂ ಅಲ್ಲದ, ಮಕ್ಕಳನ್ನು ಶಾಲೆಗೆ ಬಿಡುವ ಮರ್ಯಾದಸ್ಥ ಕಾರು. 1987ರಲ್ಲಿ ಯೂರೋಪಿನ ‘ವರ್ಷದ ಕಾರು’ ಎಂಬ ಮನ್ನಣೆಯೂ ಅದಕ್ಕೆ ಸಿಕ್ಕಿತ್ತು.

ರೇಸ್ ಕಾರುಗಳಿಗೆ ಹೆಸರಾದ ಲೋಟಸ್ ಕಂಪನಿ ಆಗ ಜನರಲ್ ಮೋಟಾರ್ಸಿನ ಕೈಯಲ್ಲಿತ್ತು. ವಾಕ್ಸ್‌ಹಾಲ್, ಓಪೆಲ್ ಎರಡೂ ಅದೇ ಮನೆಯವು. ಈ ಸಾಧು ಕಾರನ್ನು ನಾರ್ಫೋಕ್ ಸೀಮೆಯ ಹೆಥೆಲ್‌ನಲ್ಲಿರುವ ಲೋಟಸ್ ಕಾರ್ಖಾನೆಗೆ ತಂದು, ಬಿಚ್ಚಿ, ಮತ್ತೆ ಕಟ್ಟಿದರು. 3 ಲೀಟರ್ ಎಂಜಿನ್ನನ್ನು 3.6 ಲೀಟರಿಗೆ ಹಿಗ್ಗಿಸಿದರು. ಒಂದಲ್ಲ, ಎರಡು ಟರ್ಬೊ ಕೂರಿಸಿದರು. ಶಕ್ತಿ 377 ಅಶ್ವಶಕ್ತಿಗೆ ಏರಿತು. ಗಂಟೆಗೆ 176 ಮೈಲಿ, ಅಂದ್ರೆ ಸುಮಾರು 283 ಕಿಲೋಮೀಟರ್ ವೇಗ! ಆ ದೇಶದ ಹೆದ್ದಾರಿಯ ಮಿತಿಯಾದರೋ 70 ಮೈಲಿ, ಅಂದರೆ 112 ಕಿಲೋಮೀಟರ್. ಬಣ್ಣ ಮಾತ್ರ ಕಪ್ಪೆನ್ನಿಸುವಷ್ಟು ಗಾಢವಾದ ಹಸಿರು. ಬೆಲೆ 48,000 ಪೌಂಡು. 1990ರಲ್ಲಿ ಈ ‘ಲೋಟಸ್ ಕಾರ್ಲ್ಟನ್’ ತಯಾರಾಗಿ ಬರತೊಡಗಿತು.

ಅಭಿಮಾನಿಗಳು ಏನಂದರು?

ಕಾರಿನ ಹುಚ್ಚಿನವರೆಲ್ಲ ಒಂದೇ ರಾಗ ಹಾಡುತ್ತಾರೆ ಅಂದುಕೊಳ್ಳಬೇಡಿ. ಸಾರಿಗೆ ಉಪ್ಪು ಸಾಕೋ ಸಾಲದೋ ಎಂದು ಅತ್ತೆ, ನಾದಿನಿ, ಓರಗಿತ್ತಿ ಒಂದೊಂದು ಮಾತು ಹೇಳುವುದಿಲ್ಲವೇ? ಅಲ್ಲೂ ಹಾಗೇ.

ಒಂದು ಗುಂಪಿನವರು ತಲೆಯ ಮೇಲೆ ಹೊತ್ತರು. ಹಿಂದಿನ ಸೀಟಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡೇ ಬೆಲೆಬಾಳುವ ರೇಸ್ ಕಾರುಗಳ ಸಮಕ್ಕೆ ಓಡಿಸಬಹುದಲ್ಲ, ಇದಕ್ಕಿಂತ ಇನ್ನೇನು ಬೇಕು ಎಂದರು. ಅವರಿಗೆ ಬಹಳ ಮೆಚ್ಚುಗೆಯಾದದ್ದು ಅದರ ಸಂಭಾವಿತತನ. ಅಬ್ಬರವಿಲ್ಲ, ಆರ್ಭಟವಿಲ್ಲ. ಗೇರು ಬದಲಿಸದೆಯೇ ಮುಂದಿನ ಲಾರಿಯನ್ನು ಸಲೀಸಾಗಿ ದಾಟುತ್ತದೆ. ಬಳಸಲಿ ಬಿಡಲಿ, ಶಕ್ತಿ ಬೆನ್ನ ಹಿಂದಿದೆ ಎಂಬ ನೆಮ್ಮದಿ ಅವರದು.

ಇನ್ನೊಂದು ಗುಂಪಿಗೆ ಟರ್ಬೊ ಎಂದರೇ ಅಷ್ಟಕ್ಕಷ್ಟೆ. ಆಗ ಬಿ.ಎಂ.ಡಬ್ಲ್ಯು.ನ ಎಂ5 ಕಾರಿನಲ್ಲಿ ಹೆಚ್ಚುಕಡಮೆ ಅಷ್ಟೇ ಗಾತ್ರದ ಎಂಜಿನ್ನು, ಟರ್ಬೊ ಇಲ್ಲದೆಯೇ 315 ಅಶ್ವಶಕ್ತಿ ಕೊಡುತ್ತಿತ್ತು. ಒತ್ತಿದಷ್ಟೇ ಶಕ್ತಿ, ಒತ್ತಿದ ಕೂಡಲೇ ಶಕ್ತಿ, ಅದರ ಜೊತೆಗೊಂದು ಇಂಪಾದ ದನಿ, ಇದೇ ನಿಜವಾದ ಎಂಜಿನ್ನು ಎಂಬುದು ಅವರ ವಾದ. ಊದಿ ಎಬ್ಬಿಸಿದ ಉರಿಗಿಂತ ಹದವಾಗಿ ಹತ್ತಿದ ಕೆಂಡವೇ ಚೆಂದ ಎಂದಂತೆ.

ಮೂರನೆಯ ಗುಂಪಿನದು ನಮಗೂ ಪರಿಚಯವಿರುವ ಮಾತು. ‘48,000 ಪೌಂಡು ಕೊಟ್ಟು ಕೊನೆಗೆ ವಾಕ್ಸ್‌ಹಾಲೇ?’ ಅಷ್ಟು ದುಡ್ಡಿಗೆ ದೊಡ್ಡ ಹೆಸರಿನ ಜರ್ಮನ್ ಕಾರೇ ಬರುತ್ತಿತ್ತು ಎಂದು ಮೂಗು ಮುರಿದರು. ಸೀರೆ ಎಷ್ಟೇ ಚೆನ್ನಾಗಿರಲಿ, ಅಂಗಡಿಯ ಹೆಸರು ಕೇಳುವವರು ಎಲ್ಲ ದೇಶದಲ್ಲೂ ಇರುತ್ತಾರೆ. 1,100 ಕಾರು ಮಾಡಬೇಕೆಂದು ಹೊರಟವರು 1992ರಲ್ಲಿ 950ಕ್ಕೆ ನಿಲ್ಲಿಸಿದರು.

ಕಾರಿನ ಹುಚ್ಚಿಲ್ಲದವರ ಮಾತು ಬೇರೆಯೇ. ಮನೆಮಂದಿಯ ಕಾರಿಗೆ ಯಾಕೆ ಈ ವೇಗ, ಇದನ್ನು ನಿಲ್ಲಿಸಿ ಎಂದು ಪತ್ರಿಕೆಗಳು ಬರೆದವು. ಜರ್ಮನಿಯ ದೊಡ್ಡ ಕಂಪನಿಗಳೇ ತಾವಾಗಿ ಗಂಟೆಗೆ 250 ಕಿಲೋಮೀಟರಿಗೆ ಕಡಿವಾಣ ಹಾಕಿಕೊಂಡಿದ್ದ ಕಾಲ ಅದು. ಲೋಟಸ್ ಕಾರ್ಲ್ಟನ್‌ಗೆ ಆ ಕಡಿವಾಣವೂ ಇರಲಿಲ್ಲ.

ಆಮೇಲೆ ಆದದ್ದು ಸಿನಿಮಾ ಕಥೆಯಂತಿದೆ. 1993ರ ನವೆಂಬರಿನಲ್ಲಿ ಕಳ್ಳರು ಇಂಥದೊಂದು ಕಾರನ್ನೇ ಅದರ ಯಜಮಾನನ ಮನೆಯಿಂದ ಹೊಡೆದುಕೊಂಡು ಹೋದರು. ಅದನ್ನೇರಿ ವೆಸ್ಟ್ ಮಿಡ್‌ಲ್ಯಾಂಡ್ಸ್ ಸೀಮೆಯಲ್ಲಿ ರಾತ್ರಿಹೊತ್ತು ಅಂಗಡಿಗಳಿಗೆ ನುಗ್ಗಿ ಸಿಗರೇಟು, ಮದ್ಯ ದೋಚತೊಡಗಿದರು. ಪೊಲೀಸರ ಕಾರುಗಳು ಬೆನ್ನಟ್ಟಿದರೆ ಕಣ್ಣೆದುರೇ ಮಾಯ! ಕಳ್ಳರು ಸಿಕ್ಕಲೇ ಇಲ್ಲವೆಂದು ಅಲ್ಲಿಯ ಕಾರುಪ್ರಿಯರು ಇಂದಿಗೂ ಕಥೆ ಹೇಳುತ್ತಾರೆ. ಉಳಿದ ಕಾರುಗಳನ್ನು ಅವುಗಳ ಯಜಮಾನರು ಈಗ ಒಡವೆಯಂತೆ ಕಾಪಾಡಿಕೊಂಡಿದ್ದಾರೆ.

ಕಾಲ ಎಲ್ಲರನ್ನೂ ಬದಲಿಸುತ್ತದೆ. ಟರ್ಬೊ ಇಲ್ಲದ ದನಿಗೆ ಹೆಸರಾಗಿದ್ದ ಎಂ5 ಕೂಡ 2011ರಲ್ಲಿ ಟರ್ಬೊ ಕಟ್ಟಿಕೊಂಡಿತು. ಟರ್ಬೊ ಬಂದರೆ ಎಂಜಿನ್ನಿನ ದನಿ ಮಂಕಾಗುತ್ತದೆ. ಅದಕ್ಕೆ ಕಂಪನಿಯವರು ಏನು ಮಾಡಿದರು ಗೊತ್ತೇ? ಎಂಜಿನ್ನಿನ ಗುಡುಗನ್ನು ಕಾರಿನೊಳಗಿನ ಹಾಡಿನ ಸ್ಪೀಕರಿನಲ್ಲಿ ಕೇಳಿಸಿದರು! ಅಭಿಮಾನಿಗಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಗ್ಗರಣೆ ಹಾಕದೆ ಚಟಪಟ ಸದ್ದು ಮಾತ್ರ ಕೇಳಿಸಿದರೆ ಊಟಕ್ಕೆ ಕೂತವರು ಸುಮ್ಮನಿರುತ್ತಾರೆಯೇ?

ಯಾರೂ ಕೇಳದ ಪ್ರಶ್ನೆ

ಈ ವಾದವನ್ನೆಲ್ಲ ಇನ್ನೊಮ್ಮೆ ನೋಡಿ. ಶಕ್ತಿ ಬೇಗ ಬರುತ್ತದೆಯೇ, ದನಿ ಇಂಪಾಗಿದೆಯೇ, ಹೆಸರು ದೊಡ್ಡದೇ, ಎಷ್ಟು ವೇಗಕ್ಕೆ ಹೋಗುತ್ತದೆ... ಎಲ್ಲ ಹೊರಡುವ ಮಾತೇ. ನಿಲ್ಲುವ ಮಾತು ಬಹಳ ಕಡಮೆ.

ಇಂಗ್ಲೆಂಡಿನಲ್ಲಿ ಡ್ರೈವಿಂಗ್ ಕಲಿಯುವವರಿಗೆ ಒಂದು ಲೆಕ್ಕ ಬಾಯಿಪಾಠ ಮಾಡಿಸುತ್ತಾರೆ. ಗಂಟೆಗೆ 30 ಮೈಲಿ, ಅಂದರೆ 48 ಕಿಲೋಮೀಟರ್ ವೇಗದಲ್ಲಿದ್ದಾಗ ಎದುರಿಗೆ ಮಗುವೊಂದು ಅಡ್ಡ ಬಂದರೆ, ಕಂಡು, ಬ್ರೇಕು ಒತ್ತಿ, ಕಾರು ನಿಲ್ಲಲು 23 ಮೀಟರು ಬೇಕು. 70 ಮೈಲಿ ವೇಗದಲ್ಲಿ 96 ಮೀಟರು. ವೇಗ ಎರಡರಷ್ಟಾದರೆ ಬ್ರೇಕು ಹಿಡಿಯುವ ದೂರ ನಾಲ್ಕರಷ್ಟಾಗುತ್ತದೆ, ಇದೇ ಅದರ ಗುಟ್ಟು. ಅದೇ ಲೆಕ್ಕ ಹಿಡಿದರೆ 176 ಮೈಲಿ ವೇಗದ ಕಾರು ನಿಲ್ಲಲು ಅರ್ಧ ಕಿಲೋಮೀಟರಿಗೂ ಹೆಚ್ಚು ಬೇಕು. ನಿಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ಎಷ್ಟು ದೂರ, ಯೋಚಿಸಿ ನೋಡಿ. ಇದು ಒಣಗಿದ, ಒಳ್ಳೆಯ ರಸ್ತೆಯ ಮಾತು. ಹಸು, ನಾಯಿ, ಎತ್ತಿನ ಗಾಡಿ, ದೀಪವಿಲ್ಲದ ಟ್ರ್ಯಾಕ್ಟರು ಇರುವ ನಮ್ಮ ರಸ್ತೆಯ ಮಾತಲ್ಲ.

ಒಂದು ಸಮಾಧಾನ ಉಂಟು. ನಮ್ಮಲ್ಲಿ ಈಗ ಬರುವ ಟರ್ಬೊ ಕಾರುಗಳು ಹೆಚ್ಚಿನವು ಹುಲಿಗಳಲ್ಲ. ಸಣ್ಣ ಎಂಜಿನ್ನಿನಿಂದ ದೊಡ್ಡದರ ಕೆಲಸ ತೆಗೆದು ಪೆಟ್ರೋಲು ಉಳಿಸಲೆಂದು ಮಾಡಿದವು. ಘಾಟಿ ಹತ್ತುವಾಗ, ಲಾರಿ ದಾಟುವಾಗ ಅವುಗಳ ಶಕ್ತಿ ಆಪತ್ತಿಗೆ ಆಗುವುದೂ ನಿಜ. ಆದರೆ ಕಾಲು ಒತ್ತಿಹಿಡಿದೇ ಓಡಿಸಿದರೆ ಉಳಿತಾಯವೂ ಹೋಯಿತು, ನೆಮ್ಮದಿಯೂ ಹೋಯಿತು. ಬೆಂಕಿ ಒಲೆಯೊಳಗೆ ಇದ್ದರೆ ಅಡಿಗೆ, ಹೊರಗೆ ಬಂದರೆ ಅನಾಹುತ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮನೆಗೆ ಟರ್ಬೊ ಕಾರು ಬಂದರೆ

* ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಜೋರಾಗಿ ರೇಸ್ ಮಾಡಬಾರದು. ಎಣ್ಣೆ ಟರ್ಬೊವರೆಗೆ ಹೋಗಿ ಬಿಸಿಯಾಗುವ ತನಕ ಮೆಲ್ಲಗೆ ಓಡಿಸಲಿ.

* ಘಾಟಿ ಹತ್ತಿ ಬಂದ ಮೇಲೆ, ಹೆದ್ದಾರಿಯಲ್ಲಿ ಓಡಿ ಬಂದ ಮೇಲೆ ಥಟ್ಟನೆ ಆಫ್ ಮಾಡಬಾರದು. ಒಂದು ನಿಮಿಷ ಸುಮ್ಮನೆ ಓಡುತ್ತಿರಲಿ. ಕಾದ ಬಾಣಲೆಗೆ ಕೂಡಲೇ ತಣ್ಣೀರು ಸುರಿಯುವುದಿಲ್ಲವಲ್ಲ, ಹಾಗೆ.

* ಕಂಪನಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿಸಿ, ಹೇಳಿದ ಹೊತ್ತಿಗೇ ಬದಲಾಯಿಸಿ. ಎಣ್ಣೆಯಲ್ಲಿ ಜಿಪುಣತನ ಮಾಡಿದರೆ ಟರ್ಬೊ ಕೆಟ್ಟು ದೊಡ್ಡ ಖರ್ಚಿಗೆ ದಾರಿ.

* ಹೊಗೆ ನೀಲಿಯಾಗಿ ಬಂದರೆ, ಹೊಸದಾಗಿ ಸಿಳ್ಳೆಯ ಸದ್ದು ಕೇಳಿದರೆ, ಎಳೆಯುವ ಶಕ್ತಿ ಕುಗ್ಗಿದರೆ ತಡ ಮಾಡದೆ ಮೆಕ್ಯಾನಿಕ್ಕಿಗೆ ತೋರಿಸಿ.

* ಹಿಂದಿನ ಸೀಟಿನಲ್ಲಿ ಕೂತವರೂ ಬೆಲ್ಟು ಹಾಕಿಕೊಳ್ಳಲೇಬೇಕು. ಕಾನೂನೂ ಅದನ್ನೇ ಹೇಳುತ್ತದೆ. ಸೀರೆ ಸುಕ್ಕಾಗುತ್ತೆ ಅಂತ ನಾವೇ ಬಿಡುವುದು ಬೇಡ. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲಂತೂ ಕೂರಿಸಿಕೊಳ್ಳಬೇಡಿ.

ಇನ್ನೊಂದು ಮಾತು. ರಾತ್ರಿ ಹತ್ತಾದರೂ ಬಾರದ ಮಗನಿಗಾಗಿ ಗೇಟಿನ ಸದ್ದಿಗೆ ಕಿವಿಗೊಟ್ಟು ಕೂರುವವರು ನಾವು. ತಟ್ಟೆ ಮುಚ್ಚಿಟ್ಟು, ಸಾರು ಮತ್ತೆ ಮತ್ತೆ ಬಿಸಿ ಮಾಡುವವರೂ ನಾವೇ. ಆದ್ದರಿಂದ ಕಾರಿನ ವಿಷಯದಲ್ಲಿ ಮಾತಾಡುವ ಹಕ್ಕು ನಮಗೆ ಧಾರಾಳವಾಗಿ ಇದೆ.

ಮುಂದಿನ ಸಲ ನಡುಮನೆಯಲ್ಲಿ ಟರ್ಬೊ ಪುರಾಣ ಶುರುವಾದಾಗ ಕಾಫಿ ಕೊಟ್ಟು ಸುಮ್ಮನೆ ಒಳಗೆ ಬರಬೇಡಿ. ‘ಲ್ಯಾಗ್ ಹೇಗಿದೆ?’ ಎಂದು ಕೇಳಿ. ಎಲ್ಲರೂ ಬಾಯಿ ಬಿಟ್ಟು ನೋಡುತ್ತಾರೆ. ಆಮೇಲೆ ಮೆಲ್ಲಗೆ, ‘ಎಂಬತ್ತರಲ್ಲಿ ಹೋಗುವಾಗ ಬ್ರೇಕು ಹಾಕಿದರೆ ಎಷ್ಟು ಮೀಟರಿಗೆ ನಿಲ್ಲುತ್ತಪ್ಪ?’ ಅನ್ನಿ. ಉತ್ತರ ಬಂದರೆ ಕಾರಿನ ಕೀ ಧೈರ್ಯವಾಗಿ ಅವನ ಕೈಗೆ ಕೊಡಿ. ಬಾರದಿದ್ದರೆ, ಇನ್ನೂ ಸ್ವಲ್ಪ ದಿನ ಅದು ನಿಮ್ಮ ಸಾಸಿವೆ ಡಬ್ಬಿಯ ಪಕ್ಕದಲ್ಲೇ ಇರಲಿ!