ಹಿತ್ತಲು

ಹಿತ್ತಲು ಎಂದರೆ ಮನೆಯ ಹಿಂಭಾಗಕ್ಕೆ ಹೊಂದಿಕೊಂಡಿರುವ ತೆರೆದ ಜಾಗ. ಕರ್ನಾಟಕದ ಹಳೆಯ ಮನೆಗಳಲ್ಲಿ ಬಾವಿ, ಬಚ್ಚಲು, ಪಾತ್ರೆ ತೊಳೆಯುವ ಕಲ್ಲು, ಸೌದೆ ರಾಶಿ, ಗೊಬ್ಬರದ ಗುಂಡಿ ಹಾಗೂ ಅಡುಗೆಗೆ ಬೇಕಾದ ಗಿಡಬಳ್ಳಿಗಳು ಸಾಮಾನ್ಯವಾಗಿ ಇಲ್ಲಿಯೇ ಇರುತ್ತಿದ್ದವು. ಮನೆಯೊಳಗಿಂದ ಹೊರಬಿದ್ದ ನೀರು, ಬೂದಿ, ಸಿಪ್ಪೆಗಳು ಹಿತ್ತಲಿನ ಮಣ್ಣನ್ನು ಸೇರಿ, ಸೊಪ್ಪು, ಕಾಯಿ, ಹಣ್ಣುಗಳ ರೂಪದಲ್ಲಿ ಮತ್ತೆ ಅಡುಗೆಮನೆಗೆ ಮರಳುತ್ತಿದ್ದವು. ಸರಳ ಜೀವನ, ಸಾವಯವ ತೋಟ ಮುಂತಾದ ಇಂದಿನ ಚರ್ಚೆಗಳಲ್ಲಿ ಹಿತ್ತಲನ್ನು ತರಕಾರಿ ಬೆಳೆಯುವ ಸ್ಥಳವೆಂದಷ್ಟೇ ಪರಿಗಣಿಸುವುದು ವಾಡಿಕೆ. ತರಕಾರಿಯು ಅದರ ಒಂದು ಫಲ. ಮನೆಯ ನೀರನ್ನೂ ಕಸವನ್ನೂ ಮನೆಯ ಎಲ್ಲೆಯೊಳಗೇ ಅರಗಿಸಿಕೊಳ್ಳುವುದು ಅದರ ಮೂಲ ಕೆಲಸವಾಗಿತ್ತು.

ಪದ ಮತ್ತು ವ್ಯಾಪ್ತಿ

ಹಿತ್ತಲು, ಹಿತ್ತಿಲು ಎಂಬ ಎರಡೂ ರೂಪಗಳು ಬಳಕೆಯಲ್ಲಿವೆ. ಹಳಗನ್ನಡದ ರೂಪ 'ಪಿತ್ತಿಲ್'. 'ಪಾಲ್' ಹಾಲಾದಂತೆ, 'ಪೂ' ಹೂವಾದಂತೆ ಇಲ್ಲಿಯೂ ಪಕಾರವು ಹಕಾರವಾಗಿದೆ. ಮನೆಯ ಮುಂದಿನದು ಅಂಗಳ, ಹಿಂದಿನದು ಹಿತ್ತಲು. ಕೈತೋಟವೆಂಬ ಪದ ಇದಕ್ಕಿಂತ ಭಿನ್ನ: ಕೈತೋಟ ಮನೆಯ ಯಾವ ಮಗ್ಗುಲಲ್ಲಾದರೂ ಇರಬಹುದು, ಹಿತ್ತಲಿಗೆ ಸ್ಥಾನ ನಿಶ್ಚಿತ.

ಭಾಷೆಯಲ್ಲಿ ಹಿತ್ತಲಿಗೆ ದೊರೆತ ಗೌರವ ಅಷ್ಟಕ್ಕಷ್ಟೆ. ಕೈಗೆ ಸುಲಭವಾಗಿ ಸಿಗುವುದಕ್ಕೆ ಬೆಲೆಯಿಲ್ಲ ಎನ್ನುವಾಗ 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ಹೇಳುತ್ತಾರೆ. ಗಾದೆ ಗಿಡವನ್ನು ಹಳಿಯುವುದಿಲ್ಲ, ಅದನ್ನು ಕಡೆಗಣಿಸುವ ಮನುಷ್ಯನನ್ನು ಕುಟುಕುತ್ತದೆ ಎಂಬುದು ಎಷ್ಟೋ ಸಲ ಮರೆತುಹೋಗುತ್ತದೆ.

ಕರಾವಳಿ ಮತ್ತು ಮಲೆನಾಡಿನಲ್ಲಿ ಮನೆಗಳು ಒಂದಕ್ಕೊಂದು ದೂರವಿರುವುದರಿಂದ ಹಿತ್ತಲು ವಿಶಾಲವಾಗಿದ್ದು, ಎಷ್ಟೋ ಕಡೆ ಅಡಿಕೆ ಅಥವಾ ತೆಂಗಿನ ತೋಟದೊಳಗೆ ಬೆರೆತುಹೋಗುತ್ತದೆ. ಬಯಲುಸೀಮೆಯ ಊರುಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳೇ ಹೆಚ್ಚು. ಅಲ್ಲಿ ಹಿತ್ತಲು ಚಿಕ್ಕದು. ಒಂದು ನುಗ್ಗೆ, ಒಂದು ಕರಿಬೇವು, ಬಚ್ಚಲ ಮೋರಿಯ ಪಕ್ಕದಲ್ಲಿ ನಾಲ್ಕು ಬಾಳೆ ಇದ್ದರೆ ಅದೇ ದೊಡ್ಡದು.

ನೀರಿನ ದಾರಿ

ಹಿತ್ತಲಿನ ವಿನ್ಯಾಸವನ್ನು ನಿರ್ಧರಿಸುತ್ತಿದ್ದುದು ನೀರು. ಬಚ್ಚಲುಮನೆಯಿಂದ ಹೊರಟ ನೀರು ಒಂದು ಕಿರುಗಾಲುವೆಯ ಮೂಲಕ ಬಾಳೆ, ತೆಂಗು, ಕೆಸು, ಬಸಳೆಗಳ ಬುಡಕ್ಕೆ ಹೋಗುತ್ತಿತ್ತು. ಕರಾವಳಿಯ ಮನೆಗಳಲ್ಲಿ ಬಸಳೆಯ ಚಪ್ಪರವು ಬಾವಿಕಟ್ಟೆ ಅಥವಾ ಬಚ್ಚಲಿನ ಆಸುಪಾಸಿನಲ್ಲೇ ಇರುವುದಕ್ಕೆ ಇದೇ ಕಾರಣ. ಈ ಸಸ್ಯಗಳ ಆಯ್ಕೆಯೂ ಆಕಸ್ಮಿಕವಲ್ಲ. ಬಾಳೆಯ ಅಗಲವಾದ ಎಲೆಗಳಿಂದ ನೀರು ಧಾರಾಳವಾಗಿ ಆವಿಯಾಗುತ್ತದೆ. ಆದ್ದರಿಂದ ಅದಕ್ಕೆ ದಿನವೂ ನೀರು ಬೇಕು. ಕೆಸು ಜೌಗಿನಲ್ಲಿಯೂ ಕೊಳೆಯದೆ ಬೆಳೆಯುತ್ತದೆ. ಕೆಸುವಿನ ಎಲೆಯನ್ನೂ ಬಸಳೆಯನ್ನೂ ಬೇಯಿಸಿಯೇ ತಿನ್ನುವುದು ರೂಢಿಯಾದ್ದರಿಂದ ಬಳಸಿದ ನೀರಿನಿಂದ ರೋಗಾಣುಗಳು ಊಟಕ್ಕೆ ಬರುವ ಸಂಭವ ಕಡಿಮೆ. ಕೊತ್ತಂಬರಿ, ಮೂಲಂಗಿಯಂತಹ ಹಸಿಯಾಗಿ ತಿನ್ನುವ ಬೆಳೆಗಳಿಗೆ ಬಚ್ಚಲ ನೀರು ತಕ್ಕುದಲ್ಲ.

ನೀರು ಒಂದೇ ಕಡೆ ನಿಲ್ಲದಂತೆ ಎರಡು ಮೂರು ದಿನಗಳಿಗೊಮ್ಮೆ ಗುದ್ದಲಿಯಿಂದ ಕಾಲುವೆಯ ಬಾಯಿ ತಿರುಗಿಸುವುದು ನಿತ್ಯದ ಕೆಲಸಗಳಲ್ಲಿ ಒಂದು. ಮಣ್ಣು ಒದ್ದೆಯಾಗಿ, ಮತ್ತೆ ಒಣಗಿ, ಗಾಳಿಯಾಡಿದರೆ ಅದರಲ್ಲಿರುವ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ. ಸದಾ ನೀರು ನಿಂತ ಮಣ್ಣಿನಲ್ಲಿ ಗಾಳಿ ಇಲ್ಲದೆ ದುರ್ವಾಸನೆ ಹುಟ್ಟುತ್ತದೆ, ಸೊಳ್ಳೆಗಳು ಮೊಟ್ಟೆಯಿಡುತ್ತವೆ.

ಅಕ್ಕಿ ತೊಳೆದ ನೀರು ಮತ್ತು ಅನ್ನ ಬಸಿದ ಗಂಜಿ ಹಿತ್ತಲಿಗೂ ಹೋಗುತ್ತಿರಲಿಲ್ಲ. ಅದು ಹಸುವಿನ ಪಾಲು. ಹಳೆ ಮೈಸೂರು ಭಾಗದಲ್ಲಿ ಇದಕ್ಕೆ ಕಲಗಚ್ಚು ಎಂದೂ ಕರಾವಳಿ, ಮಲೆನಾಡುಗಳಲ್ಲಿ ಅಕ್ಕಚ್ಚು ಎಂದೂ ಹೆಸರು.

ಬೂದಿ, ಅಂಟುವಾಳ, ಸೀಗೆ

ತೊಳೆದ ನೀರು ನೇರವಾಗಿ ಗಿಡದ ಬುಡಕ್ಕೆ ಹೋಗಬೇಕಾದರೆ ತೊಳೆಯುವ ವಸ್ತು ಗಿಡಕ್ಕೆ ಹಿಡಿಸುವಂತಿರಬೇಕು. ಈ ಸರಳ ಸಂಬಂಧವೇ ಇಡೀ ವ್ಯವಸ್ಥೆಯ ಆಧಾರವಾಗಿತ್ತು.

ಪಾತ್ರೆಗೆ ಒಲೆಯ ಬೂದಿ ಮತ್ತು ತೆಂಗಿನ ನಾರು ಅಥವಾ ಒಣಗಿದ ಹೀರೆಕಾಯಿಯ ಜಾಲರಿ ಸಾಕಾಗುತ್ತಿತ್ತು. ಬೂದಿಯ ಕಣಗಳು ಕೊಳೆಯನ್ನು ಉಜ್ಜಿ ತೆಗೆದರೆ, ಅದರಲ್ಲಿರುವ ಪೊಟ್ಯಾಸಿಯಂ ಕಾರ್ಬೋನೇಟ್ ಎಂಬ ಕ್ಷಾರವು ಜಿಡ್ಡನ್ನು ಸಡಿಲಗೊಳಿಸುತ್ತದೆ. ಪೊಟ್ಯಾಸಿಯಂ ಬಾಳೆ, ತೆಂಗುಗಳಿಗೆ ಹೆಚ್ಚಾಗಿ ಬೇಕಾದ ಪೋಷಕಾಂಶವೂ ಹೌದು. ಅಲ್ಯೂಮಿನಿಯಂ ಪಾತ್ರೆಗಳಿಗೆ ಮಾತ್ರ ಬೂದಿ ಒಳ್ಳೆಯದಲ್ಲ; ಕ್ಷಾರ ತಾಗಿ ಅವು ಕಪ್ಪಾಗುತ್ತವೆ. ಹಿತ್ತಾಳೆ, ತಾಮ್ರಗಳಿಗೆ ಹುಣಸೆಹಣ್ಣು ಬೇಕು. ಅದರ ಹುಳಿಯಲ್ಲಿ ಲೋಹದ ಮೇಲಿನ ಕಿಲುಬು ಕರಗುತ್ತದೆ.

ಬೂದಿಯನ್ನು ಗಿಡಗಳಿಗೆ ಹಾಕುವ ರೂಢಿ ಎಲ್ಲ ಕಡೆಗೂ ಒಪ್ಪುವಂಥದಲ್ಲ. ಕರಾವಳಿ, ಮಲೆನಾಡುಗಳ ಕೆಂಪು ಮತ್ತು ಜಂಬಿಟ್ಟಿಗೆ ಮಣ್ಣು ಮಳೆಯಲ್ಲಿ ತೊಳೆದು ಹುಳಿಯಾಗಿರುವುದರಿಂದ ಅಲ್ಲಿ ಬೂದಿ ಹದ ತರುತ್ತದೆ. ಉತ್ತರ ಕರ್ನಾಟಕದ ಕಪ್ಪು ಎರೆಮಣ್ಣಿನಲ್ಲಿ ಮೊದಲೇ ಕ್ಷಾರದ ಅಂಶ ಹೆಚ್ಚು. ಅಲ್ಲಿ ಬೂದಿ ಸುರಿದರೆ ಕಬ್ಬಿಣ, ಸತು ಮುಂತಾದ ಪೋಷಕಾಂಶಗಳು ಬೇರಿಗೆ ದೊರೆಯದೆ ಎಲೆ ಹಳದಿಯಾಗಬಹುದು. ಒಂದು ಸೀಮೆಯ ಅಜ್ಜಿಯ ಉಪಾಯವನ್ನು ಇನ್ನೊಂದು ಸೀಮೆಯ ಮಣ್ಣಿಗೆ ಹಾಗೆಯೇ ಹೇರುವುದು ಸರಿಯಲ್ಲ ಎಂಬುದಕ್ಕೆ ಇದು ಉತ್ತಮ ಉದಾಹರಣೆ.

ಬಟ್ಟೆಗೆ, ಅದರಲ್ಲೂ ರೇಷ್ಮೆ ಸೀರೆಗೆ, ಅಂಟುವಾಳದ ಕಾಯಿ ಬಳಕೆಯಾಗುತ್ತಿತ್ತು. ಗಟ್ಟಿಯಾದ ಕಪ್ಪು ಬೀಜವನ್ನು ತೆಗೆದು, ಸಿಪ್ಪೆಯನ್ನು ರಾತ್ರಿ ನೆನೆಹಾಕಿ ಕಿವುಚಿದರೆ ನೊರೆ ಬರುತ್ತದೆ. ನೊರೆಗೆ ಕಾರಣ ಸಪೋನಿನ್ ಎಂಬ ಸಸ್ಯಜನ್ಯ ಪದಾರ್ಥ. ಬೆಳ್ಳಿ, ಬಂಗಾರದ ಒಡವೆಗಳನ್ನು ತೊಳೆಯಲು ಅಕ್ಕಸಾಲಿಗರೂ ಇದನ್ನು ಬಳಸುತ್ತಾರೆ. ತಲೆಗೆ ಸೀಗೆಪುಡಿ, ಇದರಲ್ಲಿಯೂ ಸಪೋನಿನ್ ಇದೆ. ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ತೆಗೆದ ಲೋಳೆಗೆ ಕರಾವಳಿ ಮತ್ತು ಮಲೆನಾಡಿನಲ್ಲಿ ಗೊಂಪು ಎನ್ನುತ್ತಾರೆ. ಸಪೋನಿನ್ ಮಣ್ಣಿನಲ್ಲಿ ಬೇಗನೆ ಕರಗಿಹೋಗುತ್ತದೆಯಾದರೂ ಮೀನುಗಳಿಗೆ ವಿಷ. ಹಾಗಾಗಿ ಅಂಟುವಾಳದ ನೀರನ್ನು ಮಣ್ಣಿಗೆ ಬಿಡಬಹುದು, ಕೆರೆಗೆ ಅಥವಾ ಮೀನು ಸಾಕಿದ ತೊಟ್ಟಿಗೆ ಬಿಡುವಂತಿಲ್ಲ.

ಡಿಟರ್ಜೆಂಟ್ ಬಂದ ಮೇಲೆ

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಗ್ಗದ ಡಿಟರ್ಜೆಂಟ್ ಪುಡಿ ಹಳ್ಳಿಗಳನ್ನು ತಲುಪಿತು. ಅಡುಗೆ ಅನಿಲ ಬಂದಂತೆ ಒಲೆಯ ಬೂದಿಯೂ ಇಲ್ಲವಾಯಿತು. ಮನೆಯ ಕಾಲುವೆ ಅದೇ, ಗಿಡಗಳೂ ಅವೇ. ನೀರು ಮಾತ್ರ ಬೇರೆಯಾಯಿತು. ಬಟ್ಟೆ ತೊಳೆಯುವ ಪುಡಿಗಳಲ್ಲಿ ಸೋಡಿಯಂ ಲವಣಗಳು ಅಧಿಕ. ಸೋಡಿಯಂ ಶೇಖರವಾದಂತೆ ಜೇಡಿಮಣ್ಣಿನ ಕಣಗಳು ಬಿಡಿಬಿಡಿಯಾಗಿ, ಒದ್ದೆಯಾದಾಗ ಅಂಟಂಟಾಗಿ, ಒಣಗಿದಾಗ ಹೆಂಟೆಗಟ್ಟಿ ನೀರು ಇಂಗದಂತಾಗುತ್ತದೆ. ಎಲೆಯ ಅಂಚು ಸುಟ್ಟಂತಾಗುವುದು ಇದರ ಒಂದು ಲಕ್ಷಣ. ಗಿಡ ಬಾಡಿತೆಂದು ಆ ನೀರನ್ನು ಚರಂಡಿಗೆ ತಿರುಗಿಸಲಾಯಿತು. ಗಿಡಕ್ಕೆ ಬೇರೆ ನೀರು ಬೇಕಾಯಿತು. ಹಿತ್ತಲು ನೀರನ್ನು ಅರಗಿಸಿಕೊಳ್ಳುವ ಜಾಗವಾಗಿದ್ದುದು ನೀರನ್ನು ಬೇಡುವ ಜಾಗವಾದದ್ದು ಹೀಗೆ.

ಚರಂಡಿಯ ಇನ್ನೊಂದು ತುದಿಯಲ್ಲಿ ಆಗುವುದು ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಸಂಸ್ಕರಣೆಯಾಗದ ಕೊಳಚೆ ನೀರಿನೊಂದಿಗೆ ಸೇರಿದ ಡಿಟರ್ಜೆಂಟ್ ಅಲ್ಲಿನ ನೊರೆಗೆ ಪ್ರಮುಖ ಕಾರಣಗಳಲ್ಲಿ ಒಂದು. 2015ರಲ್ಲಿ ಆ ನೊರೆಗೆ ಬೆಂಕಿಯೇ ಹತ್ತಿಕೊಂಡಿತ್ತು.

ಹಳೆಯ ಪದ್ಧತಿಯ ಭಾರವನ್ನು ಹೊತ್ತವರು ಯಾರೆಂಬುದನ್ನೂ ಇಲ್ಲಿ ಹೇಳಬೇಕು. ಬಾವಿಯಿಂದ ನೀರು ಸೇದುವುದು, ಬೂದಿಯಲ್ಲಿ ಪಾತ್ರೆ ಬೆಳಗುವುದು, ಸೀಗೆ ಕುಟ್ಟುವುದು ಬಹುಮಟ್ಟಿಗೆ ಹೆಂಗಸರ ಕೆಲಸವಾಗಿತ್ತು. ಕ್ಷಾರದಿಂದ ಕೈ ಬಿರಿಯುತ್ತಿತ್ತು. ಡಿಟರ್ಜೆಂಟನ್ನು ಅವರು ಸ್ವಾಗತಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹಿತ್ತಲನ್ನು ಕೊಂಡಾಡುವ ಬರಹಗಳಲ್ಲಿ ಈ ಮಾತು ಅಪರೂಪ.

ಸೊಪ್ಪು ಮತ್ತು ಮನೆಮದ್ದು

ಹಿತ್ತಲಿನ ಬಹುಪಾಲು ಸೊಪ್ಪುಗಳನ್ನು ಯಾರೂ ಬಿತ್ತಿ ಬೆಳೆಯುವುದಿಲ್ಲ. ಒಂದೆಲಗ ತೇವವಿರುವಲ್ಲಿ ತಾನೇ ಹಬ್ಬುತ್ತದೆ. ದೊಡ್ಡಪತ್ರೆಯ ಒಂದು ಟೊಂಗೆಯನ್ನು ಮುರಿದು ಊರಿದರೆ ಸಾಕು. ಹೊನಗೊನೆ, ಗಣಿಕೆ, ಗೋಣಿ ಸೊಪ್ಪುಗಳು ಮಳೆ ಬಿದ್ದೊಡನೆ ಕಾಣಿಸಿಕೊಳ್ಳುತ್ತವೆ. ಹಳೆ ಮೈಸೂರು ಭಾಗದಲ್ಲಿ ಇಂತಹ ನಾಲ್ಕಾರು ಬಗೆಗಳನ್ನು ಒಟ್ಟಿಗೆ ಕಿತ್ತು ಬೆರಕೆ ಸೊಪ್ಪಿನ ಸಾರು ಮಾಡುತ್ತಾರೆ. ಅದು ರಾಗಿಮುದ್ದೆಗೆ ಜೋಡಿ. ಬೆರಕೆ ಸೊಪ್ಪು ಕೀಳುವವರಿಗೆ ಯಾವುದು ತಿನ್ನುವಂಥದು, ಯಾವುದು ಅಲ್ಲ ಎಂಬ ತಿಳಿವಳಿಕೆ ಇರಲೇಬೇಕು. ಅದು ಪುಸ್ತಕದಿಂದ ಬಂದುದಲ್ಲ. ಜೊತೆಯಲ್ಲಿ ಕೀಳುತ್ತಾ ಮಕ್ಕಳು ಕಲಿತದ್ದು. ಜೊತೆಗೆ ಹೋಗುವ ಮಕ್ಕಳಿಲ್ಲದ ಮನೆಗಳಲ್ಲಿ ಸೊಪ್ಪಿನ ಹೆಸರುಗಳೂ ಒಂದು ತಲೆಮಾರಿಗೇ ನಿಂತುಹೋಗುತ್ತಿವೆ.

ಮಲೆನಾಡು ಮತ್ತು ಕರಾವಳಿಯಲ್ಲಿ ತಂಬುಳಿ ಹಿತ್ತಲಿನ ಅಡುಗೆಯೆಂದೇ ಹೇಳಬಹುದು. ಒಂದೆಲಗ ಅಥವಾ ದೊಡ್ಡಪತ್ರೆಯನ್ನು ಜೀರಿಗೆ, ಕಾಳುಮೆಣಸುಗಳೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ರುಬ್ಬಿ, ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿ ಸಿದ್ಧ. ಒಂದೆಲಗವನ್ನು ಹಸಿಯಾಗಿಯೇ ರುಬ್ಬುವವರೂ ಇದ್ದಾರೆ. ಅಂಥವರು ಅದನ್ನು ಬಚ್ಚಲ ಕಾಲುವೆಯಿಂದ ದೂರ ಬೆಳೆಸುವುದು ಲೇಸು. ಮಳೆಗಾಲದಲ್ಲಿ ಕೆಸುವಿನ ಎಲೆಗೆ ಅಕ್ಕಿ ಮತ್ತು ಮಸಾಲೆಯ ಹಿಟ್ಟು ಬಳಿದು, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿ ಪತ್ರೊಡೆ ಮಾಡುತ್ತಾರೆ.

ಶೀತಕ್ಕೆ ದೊಡ್ಡಪತ್ರೆಯ ರಸ, ನೆನಪಿನ ಶಕ್ತಿಗೆ ಒಂದೆಲಗ ಎಂಬುದು ಪರಂಪರೆಯಿಂದ ಬಂದ ಬಳಕೆ. ಇವನ್ನು ಆಹಾರವೆಂದು ತಿನ್ನುವುದಕ್ಕೂ ಕಾಯಿಲೆಗೆ ಚಿಕಿತ್ಸೆಯೆಂದು ನೆಚ್ಚುವುದಕ್ಕೂ ಅಂತರವಿದೆ. ಜ್ವರ ಬಿಡದಿದ್ದರೆ, ಉಸಿರಾಟ ಕಷ್ಟವಾದರೆ ವೈದ್ಯರನ್ನು ಕಾಣಬೇಕು.

ನೈಸರ್ಗಿಕವಾದುದೆಲ್ಲ ನಿರಪಾಯವೇ?

ಹಸಿ ಕೆಸುವಿನಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿದ್ದು, ನಾಲಿಗೆ, ಗಂಟಲುಗಳಲ್ಲಿ ತುರಿಕೆ ಉಂಟಾಗುತ್ತದೆ. ಹುಣಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕಾಗಿಯೇ. ಗಣಿಕೆಯ ಹಸಿರು ಕಾಯಿಯಲ್ಲಿ ಸೊಲನಿನ್ ಎಂಬ ವಿಷಾಂಶವಿದೆ. ಪೂಜೆಯ ಹೂವಿಗಾಗಿ ಬೆಳೆಸುವ ಕಣಗಿಲೆಯ ಎಲ್ಲ ಭಾಗಗಳೂ ವಿಷಯುಕ್ತವಾಗಿದ್ದು ಹೃದಯದ ಬಡಿತವನ್ನು ಕೆಡಿಸುತ್ತವೆ. ಕೀಟಗಳಿಗೆಂದು ಮನೆಯಲ್ಲಿ ಕುದಿಸುವ ಹೊಗೆಸೊಪ್ಪಿನ ಕಷಾಯದಲ್ಲಿ ನಿಕೋಟಿನ್ ಇರುತ್ತದೆ. ಅದು ಚರ್ಮದ ಮೂಲಕವೂ ದೇಹವನ್ನು ಸೇರಬಲ್ಲದು.

ವಿಟಮಿನ್ ಸೊಪ್ಪು ಎಂದೇ ಕರ್ನಾಟಕದಲ್ಲಿ ಪ್ರಚಾರ ಪಡೆದ ಚಕ್ರಮುನಿಯ ಕಥೆ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಬೇಯಿಸಿ ಮಿತವಾಗಿ ತಿನ್ನುವ ರೂಢಿ ಆಗ್ನೇಯ ಏಷ್ಯಾದಲ್ಲಿ ಬಹುಕಾಲದಿಂದ ಇದೆ. ಆದರೆ 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರ ಶ್ವಾಸಕೋಶದ ಕಿರುನಾಳಗಳು ಸರಿಪಡಿಸಲಾಗದಂತೆ ಮುಚ್ಚಿಹೋದವು. ಕೆಲವರು ಸತ್ತರು. ಗಿಡ ಅದೇ, ತಿನ್ನುವ ರೀತಿ ಮತ್ತು ಪ್ರಮಾಣ ಬದಲಾಗಿದ್ದವು.

ಗೊಬ್ಬರದ ಗುಂಡಿ

ತರಕಾರಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ತರಗೆಲೆಯಲ್ಲಿ ಇಂಗಾಲ ಹೆಚ್ಚು. ಎರಡನ್ನೂ ಪದರಪದರವಾಗಿ ಹಾಕಿದರೆ ಗುಂಡಿ ನಾರುವುದಿಲ್ಲ. ನಾರುತ್ತಿದ್ದರೆ ತರಗೆಲೆ ಸಾಲದು ಎಂದರ್ಥ. ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಹುಳಿ ಮಜ್ಜಿಗೆ ಹಾಕುವುದೂ ಉಂಟು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ ಕಸ, ಒಣ ಕಸ ಮತ್ತು ಮನೆಯ ಅಪಾಯಕಾರಿ ಕಸವನ್ನು ಮನೆಯಲ್ಲಿಯೇ ಬೇರ್ಪಡಿಸುವಂತೆ ವಿಧಿಸಿದವು.

ನಗರದ ಹಿತ್ತಲು

ಮೂವತ್ತು-ನಲವತ್ತರ ನಿವೇಶನದಲ್ಲಿ, ಅಂದರೆ 1200 ಚದರ ಅಡಿಯಲ್ಲಿ, ಮನೆಯ ಹಿಂದೆ ಉಳಿಯುವುದು ಒಂದು ಓಣಿಯಷ್ಟು ಜಾಗ. ಅದಕ್ಕೂ ಸಿಮೆಂಟು ಹಾಕಿ ಬಟ್ಟೆ ತೊಳೆಯುವ ಯಂತ್ರವನ್ನು ಇಡುವುದೇ ಹೆಚ್ಚು. ಹೀಗಾಗಿ ತೋಟವು ತಾರಸಿಗೆ ಏರಿದೆ. ಅಲ್ಲಿ ಮೊದಲು ಯೋಚಿಸಬೇಕಾದದ್ದು ಭಾರ: ಒಂದು ಘನ ಅಡಿ ಒದ್ದೆ ಮಣ್ಣು ಸುಮಾರು 50 ಕಿಲೊ ತೂಗುತ್ತದೆ. ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ ಬೆರೆಸಿ ಮಣ್ಣನ್ನು ಹಗುರಗೊಳಿಸಬಹುದು. ದಂಟು, ಮೆಂತ್ಯ, ಬಸಳೆ ಅರೆನೆರಳಿನಲ್ಲಿಯೂ ಬರುತ್ತವೆ. ಬದನೆ, ಟೊಮೇಟೊಗಳಿಗೆ ಕನಿಷ್ಠ ಐದಾರು ಗಂಟೆ ಬಿಸಿಲು ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ 'ಅರ್ಕಾ ಸುಗುಣ' ಎಂಬ ದಂಟಿನ ತಳಿಯನ್ನು ಬುಡಸಹಿತ ಕೀಳದೆ ಹಲವು ಬಾರಿ ಕೊಯ್ಯಬಹುದಾದ್ದರಿಂದ ಕುಂಡಕ್ಕೆ ಅನುಕೂಲ. ಕುಂಡದ ತಟ್ಟೆ, ಮಳೆನೀರಿನ ಪೀಪಾಯಿಗಳನ್ನು ವಾರಕ್ಕೊಮ್ಮೆ ಬರಿದುಮಾಡದಿದ್ದರೆ ಅಥವಾ ಮುಚ್ಚದಿದ್ದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಅಲ್ಲಿ ಬೆಳೆಯುತ್ತದೆ.

ಬಳಸಿದ ನೀರನ್ನು ಪೂರ್ತಿಯಾಗಿ ಅಲ್ಲದಿದ್ದರೂ ಸ್ವಲ್ಪಮಟ್ಟಿಗೆ ಮಣ್ಣಿಗೆ ಮರಳಿಸುವುದು ನಗರದಲ್ಲಿಯೂ ಸಾಧ್ಯ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ನೇರವಾಗಿ ಕುಂಡಕ್ಕೆ ಹಾಕಬಹುದು. ಬಟ್ಟೆ ಯಂತ್ರದ ಮೊದಲ ನೀರಿನಲ್ಲಿ ಪುಡಿಯ ಅಂಶ ಅತ್ಯಧಿಕ. ಅದನ್ನು ಚರಂಡಿಗೆ ಬಿಟ್ಟು, ಕೊನೆಯ ಜಾಲಾಡಿಕೆಯ ನೀರನ್ನು ಬಕೆಟಿನಲ್ಲಿ ಹಿಡಿದು ನೆಲದ ಬಾಳೆಗೋ ತೆಂಗಿಗೋ ಹಾಕುವವರಿದ್ದಾರೆ. ಕುಂಡದ ಗಿಡಕ್ಕೆ ಈ ನೀರೂ ಆಗದು, ಏಕೆಂದರೆ ಅಷ್ಟು ಕಡಿಮೆ ಮಣ್ಣಿನಲ್ಲಿ ಸೋಡಿಯಂ ಬೇಗನೆ ಶೇಖರವಾಗುತ್ತದೆ.