ಬೆಂಗಳೂರಿನ ಪುಟ್ಟ ಕಾರು: ರೇವಾ ನಡೆದ ದಾರಿ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಸುಮಾರು 30 ಕಿಲೋಮೀಟರ್ ದೂರ, ಹೋಗಿಬರಲು 60. ಪೆಟ್ರೋಲ್ ಕಾರುಳ್ಳವರಿಗೆ ಇದು ಯೋಚನೆಗೆ ಎಡೆಯಿಲ್ಲದ ಪಯಣ. ಆದರೆ 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರಿಗೆ ಇದೇ ಪಯಣ ಒಂದು ಪರೀಕ್ಷೆಯಾಗುತ್ತಿತ್ತು. ಒಮ್ಮೆ ವಿದ್ಯುತ್ತನ್ನು ತುಂಬಿಸಿದರೆ ಅದು ಓಡುವುದೆಂದು ತಯಾರಕರು ಹೇಳಿದ ದೂರ 80 ಕಿಲೋಮೀಟರ್. ಬೆಳಗ್ಗೆ ಹುಮನಾಬಾದನ್ನು ಬಿಟ್ಟು, ಬಸವಕಲ್ಯಾಣದ ಕೋಟೆಯನ್ನು ನೋಡಿಕೊಂಡು, ಸಂಜೆಗೆ ಆ ಕಾರಿನಲ್ಲಿಯೇ ಮನೆ ಸೇರಬಹುದೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಈ ಕಾರಿನ ಚರಿತ್ರೆಯನ್ನೂ ಅದರ ಹಿಂದಿರುವ ಭೌತಶಾಸ್ತ್ರವನ್ನೂ ನೋಡೋಣ.

ರೇವಾಕ್ಕಿಂತ ಮೊದಲು

ಸಣ್ಣ ಕಾರನ್ನು ಕಟ್ಟುವ ಹಂಬಲ ಬೆಂಗಳೂರಿಗೆ ಹೊಸತೇನೂ ಅಲ್ಲ. 1970ರ ದಶಕದಲ್ಲಿ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ಅಲ್ಲಿ 'ಬಾದಲ್' ಎಂಬ ಮೂರು ಗಾಲಿಗಳ ಕಾರನ್ನು ತಯಾರಿಸಿತು. ಅದರ ಮೈ ಉಕ್ಕಿನದಲ್ಲ, ಗಾಜಿನ ನಾರನ್ನು ಸೇರಿಸಿ ಗಟ್ಟಿಗೊಳಿಸಿದ ರಾಳದ್ದು. ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂದು ಹೆಸರು ಬದಲಾಯಿಸಿಕೊಂಡ ಇದೇ ಸಂಸ್ಥೆ 1982ರಲ್ಲಿ ನಾಲ್ಕು ಗಾಲಿಗಳ 'ಡಾಲ್ಫಿನ್' ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ 'ಕಿಟನ್' ಕಾರು ಇದಕ್ಕೆ ಮಾದರಿ. ಇದರ ಎಂಜಿನ್ 848 ಘನ ಸೆಂಟಿಮೀಟರಿನದು, ಅಲ್ಯೂಮಿನಿಯಮಿನಲ್ಲಿ ಎರಕ ಹೊಯ್ದದ್ದು. ಮೈ ಹಗುರ, ಎಂಜಿನ್ನೂ ಹಗುರ. ಆದುದರಿಂದ ಇಂಧನದ ಖರ್ಚೂ ಕಡಿಮೆ. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಮಾರುಕಟ್ಟೆಗೆ ಬಂದಿತು. ಅಷ್ಟು ದೊಡ್ಡ ಪ್ರಮಾಣದಲ್ಲಿ ತಯಾರಾಗುವ ಕಾರಿನೆದುರು ಬೆಂಗಳೂರಿನ ಚಿಕ್ಕ ಕಾರ್ಖಾನೆ ಬಹುಕಾಲ ನಿಲ್ಲಲಾರದೆ ಹೋಯಿತು. ಆದರೂ ಸಣ್ಣ ಕಾರು ಮೊದಲು ತನ್ನ ಭಾರವನ್ನು ಗೆಲ್ಲಬೇಕು ಎಂಬ ಪಾಠ ಉಳಿಯಿತು.

ರೇವಾದ ಹುಟ್ಟು

ಆ ಪಾಠವನ್ನು ಬೇರೊಂದು ದಿಕ್ಕಿನಿಂದ ಕಲಿತವರು ಚೇತನ್ ಮೈನಿ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ, 1990ರಲ್ಲಿ, ಅವರು ಸೂರ್ಯಶಕ್ತಿಯಿಂದ ಓಡುವ ಸ್ಪರ್ಧಾ ಕಾರನ್ನು ಕಟ್ಟಿದ ತಂಡದಲ್ಲಿದ್ದರು. ಸೂರ್ಯಶಕ್ತಿಯ ಕಾರಿನಲ್ಲಿ ಒಂದೊಂದು ಕಿಲೋಗ್ರಾಮೂ ಲೆಕ್ಕಕ್ಕೆ ಬರುತ್ತದೆ. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹವೂ ಕ್ಯಾಲಿಫೋರ್ನಿಯದ ಒಂದು ಸಂಸ್ಥೆಯೂ ಸೇರಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಸ್ಥಾಪಿಸಿದುವು. ಏಳು ವರ್ಷಗಳ ಪ್ರಯೋಗಗಳ ಬಳಿಕ, 2001ರಲ್ಲಿ, ಕಾರು ಕೊಳ್ಳುವವರ ಕೈಸೇರಿತು.

ಅದರ ಉದ್ದ ಸುಮಾರು 2.6 ಮೀಟರ್, ಅಗಲ 1.3 ಮೀಟರ್. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರಬಹುದು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಎಂಜಿನ್ನಿನ ಬದಲು ವಿದ್ಯುತ್ ಮೋಟರು. ಮುಂದಿನ ಆಸನಗಳ ಕೆಳಗೆ ಎಂಟು ಸೀಸ-ಆಮ್ಲ ಬ್ಯಾಟರಿಗಳು.

265 ಕಿಲೋಗ್ರಾಂ ಮತ್ತು ಒಂದು ಲೀಟರು

ಒಂದೊಂದು ಬ್ಯಾಟರಿಯೂ 6 ವೋಲ್ಟಿನದು. ಎಂಟನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟ್. ಅವುಗಳ ಧಾರಣಶಕ್ತಿ 200 ಆಂಪಿಯರ್-ಗಂಟೆ. ಎರಡನ್ನೂ ಗುಣಿಸಿದರೆ 9,600 ವ್ಯಾಟ್-ಗಂಟೆ, ಅಂದರೆ 9.6 ಕಿಲೋವ್ಯಾಟ್-ಗಂಟೆ ಆಗುತ್ತದೆ. ನಮ್ಮ ಮನೆಯ ವಿದ್ಯುತ್ ಮಾಪಕದ ಭಾಷೆಯಲ್ಲಿ ಇದು ಹತ್ತಕ್ಕೆ ತುಸು ಕಡಿಮೆ ಯೂನಿಟ್.

ಈಗ ಒಂದು ಲೀಟರ್ ಪೆಟ್ರೋಲನ್ನು ತೆಗೆದುಕೊಳ್ಳಿ. ಅದರ ತೂಕ ಮುಕ್ಕಾಲು ಕಿಲೋಗ್ರಾಂ. ಅದು ಉರಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 9 ಕಿಲೋವ್ಯಾಟ್-ಗಂಟೆ. ರೇವಾದ ಬ್ಯಾಟರಿಗಳ ಒಟ್ಟು ತೂಕ ಸುಮಾರು 265 ಕಿಲೋಗ್ರಾಂ. ಇಡೀ ಕಾರಿನ ತೂಕ ಸುಮಾರು 665 ಕಿಲೋಗ್ರಾಂ. ಹೀಗೆ ಒಂದು ಲೀಟರ್ ಪೆಟ್ರೋಲಿನಲ್ಲಿರುವಷ್ಟೇ ಶಕ್ತಿಯನ್ನು ಹೊರುವುದಕ್ಕಾಗಿ ಕಾರು ತನ್ನ ತೂಕದ ಐದರಲ್ಲಿ ಎರಡು ಪಾಲನ್ನು ಸೀಸಕ್ಕೂ ಗಂಧಕಾಮ್ಲಕ್ಕೂ ಒಪ್ಪಿಸಬೇಕಾಯಿತು!

ಹಾಗಿದ್ದರೂ ಅದು 80 ಕಿಲೋಮೀಟರ್ ಓಡಿದ್ದು ಹೇಗೆ? ಪೆಟ್ರೋಲ್ ಎಂಜಿನ್ ಶಾಖಯಂತ್ರ. ನಗರದ ಓಡಾಟದಲ್ಲಿ ಅದು ಇಂಧನದ ಶಕ್ತಿಯ ನಾಲ್ಕನೆಯ ಒಂದು ಪಾಲನ್ನು ಗಾಲಿಗಳಿಗೆ ತಲುಪಿಸಿದರೆ ಹೆಚ್ಚು. ಉಳಿದುದೆಲ್ಲ ಬಿಸಿಯಾಗಿ ಗಾಳಿಯ ಪಾಲು. ವಿದ್ಯುತ್ ಮೋಟರಿಗೆ ಈ ಕಟ್ಟು ಇಲ್ಲ. ತನಗೆ ದೊರೆತ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲನ್ನಾದರೂ ಅದು ಚಲನೆಯನ್ನಾಗಿ ಮಾರ್ಪಡಿಸುತ್ತದೆ. ಕಾರು ನಿಂತಾಗ ಮೋಟರೂ ನಿಲ್ಲುತ್ತದೆ. ವೇಗವನ್ನು ತಗ್ಗಿಸುವಾಗ ಅದೇ ಮೋಟರು ಡೈನಮೋ ಆಗಿ, ಚಲನಶಕ್ತಿಯ ಒಂದು ಅಂಶವನ್ನು ಬ್ಯಾಟರಿಗೆ ಮರಳಿಸುತ್ತದೆ. ಬಡವನ ಗಂಟು ಚಿಕ್ಕದಾದರೂ ಖರ್ಚಿನಲ್ಲಿ ಪೋಲಿಲ್ಲದಿದ್ದರೆ ತಿಂಗಳು ಕಳೆಯುತ್ತದೆಯಲ್ಲವೆ? ರೇವಾದ ಸಂಸಾರವೂ ಅಂಥದೇ.

ಲಂಡನ್ನಿನ ಬೀದಿಯಲ್ಲಿ

ಈ ಕಾರಿಗೆ ಹೆಚ್ಚಿನ ಹೆಸರು ಬಂದುದು ಹೊರದೇಶದಲ್ಲಿ. 2003ರಲ್ಲಿ ಲಂಡನ್ ನಗರದ ನಡುಭಾಗವನ್ನು ಪ್ರವೇಶಿಸುವ ವಾಹನಗಳಿಗೆ ಸುಂಕ ಬಿದ್ದಿತು. ವಿದ್ಯುತ್ ವಾಹನಗಳಿಗೆ ವಿನಾಯಿತಿ ದೊರೆಯಿತು. 2004ರಿಂದ ರೇವಾ ಅಲ್ಲಿ 'ಜಿ-ವಿಜ್' ಎಂಬ ಹೆಸರಿನಲ್ಲಿ ಮಾರಾಟವಾಯಿತು.

ಆದರೆ ಹಗುರತನಕ್ಕೆ ತೆರಬೇಕಾದ ಬೆಲೆಯೊಂದಿತ್ತು. ಯುರೋಪಿನ ನಿಯಮದಂತೆ, ಬ್ಯಾಟರಿಯನ್ನು ಬಿಟ್ಟು 400 ಕಿಲೋಗ್ರಾಂ ಮೀರದ ಇಂಥ ವಾಹನವನ್ನು ಕಾರೆಂದು ಎಣಿಸುತ್ತಿರಲಿಲ್ಲ. ಕಾರುಗಳಿಗೆ ಕಡ್ಡಾಯವಾದ ಡಿಕ್ಕಿಯ ಪರೀಕ್ಷೆಯೂ ಅದಕ್ಕೆ ಇರಲಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ಅಂಥ ಪರೀಕ್ಷೆ ನಡೆಸಿದಾಗ ಕಂಡುಬಂದುದು ಕಳವಳಕಾರಿಯಾಗಿತ್ತು. ಕಾರಣವನ್ನು ನಾವೇ ಲೆಕ್ಕ ಹಾಕಬಹುದು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗೋಡೆಗೆ ಬಡಿದು, ಅದರ ಮೂತಿ ಅರ್ಧ ಮೀಟರ್ ನಜ್ಜುಗುಜ್ಜಾಗುವಷ್ಟರಲ್ಲಿ ನಿಂತರೆ, ಒಳಗಿನವರ ಮೇಲಿನ ವೇಗಾಪಕರ್ಷ ಗುರುತ್ವ ವೇಗೋತ್ಕರ್ಷದ ಸುಮಾರು 20 ಪಟ್ಟು. ಮೂತಿ ಕಾಲು ಮೀಟರಿನಷ್ಟೇ ಇದ್ದರೆ ಅದು 40 ಪಟ್ಟು! ಮೂತಿ ಚಿಕ್ಕದಾದಷ್ಟೂ ಪೆಟ್ಟು ದೊಡ್ಡದು. ಎದುರಿಗೆ ಬಂದುದು ಗೋಡೆಯಲ್ಲದೆ ಭಾರದ ಲಾರಿಯಾದರೆ, ಸಂವೇಗ ಸಂರಕ್ಷಣೆಯ ನಿಯಮದಂತೆ ವೇಗದ ಬದಲಾವಣೆ ಬಹುಪಾಲು ಹಗುರವಾದ ವಾಹನದ ಮೇಲೆಯೇ ಬೀಳುತ್ತದೆ. ಹುಮನಾಬಾದಿನ ಮೂಲಕ ಹಾದುಹೋಗುವ ಹೆದ್ದಾರಿಯ ಲಾರಿಗಳನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ತಯಾರಕರು ಅನಂತರದ ಮಾದರಿಗಳಲ್ಲಿ ಚೌಕಟ್ಟನ್ನು ಬಲಪಡಿಸಿದರು.

2009ರಲ್ಲಿ ಲೀಥಿಯಂ-ಅಯಾನ್ ಬ್ಯಾಟರಿಯ ರೇವಾ ಬಂದಿತು. ಒಂದೇ ತುಂಬಿಕೆಗೆ ಓಡುವ ದೂರ 120 ಕಿಲೋಮೀಟರಿಗೆ ಏರಿತು. ಲೀಥಿಯಂ ಬ್ಯಾಟರಿ ಒಂದೊಂದು ಕಿಲೋಗ್ರಾಮಿಗೂ ಸೀಸದ ಬ್ಯಾಟರಿಯ ಹಲವು ಪಟ್ಟು ಶಕ್ತಿಯನ್ನು ಹಿಡಿದಿಡಬಲ್ಲುದು. 2010ರಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡಿತು. 2012ರಲ್ಲಿ ರೇವಾದ ತಯಾರಿಕೆ ನಿಂತು, 2013ರಲ್ಲಿ 'ಇ2ಓ' ಎಂಬ ಕಾರು ಅದರ ಉತ್ತರಾಧಿಕಾರಿಯಾಯಿತು. ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಓಡಿದರೂ ಮಾರಾಟವಾದ ರೇವಾಗಳು ಕೆಲವು ಸಾವಿರ ಮಾತ್ರ. ಮಾರುತಿ 800 ಇಪ್ಪತ್ತೈದು ಲಕ್ಷವನ್ನು ದಾಟಿದ್ದನ್ನು ನೆನೆದರೆ ಇದು ತೀರ ಅಲ್ಪ.

ಮನೆ ಸೇರಬಹುದೇ?

ಇನ್ನು ನಮ್ಮ ಪ್ರಶ್ನೆಗೆ ಉತ್ತರ. ಬ್ಯಾಟರಿ ಹೊಸದಾಗಿದ್ದು, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋದರೆ ಮನೆ ಸೇರಬಹುದು. 20 ಕಿಲೋಮೀಟರಿನಷ್ಟು ಉಳಿತಾಯವೂ ಉಂಟು. ವೇಗವನ್ನು 60ಕ್ಕೆ ಏರಿಸಿದರೆ ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಎರಡೂಕಾಲು ಪಟ್ಟು ಆಗುತ್ತದೆ. ಸೀಸದ ಬ್ಯಾಟರಿಯಿಂದ ಅವಸರವಾಗಿ ಸೆಳೆದರೆ ಅದು ಕೊಡುವ ಒಟ್ಟು ವಿದ್ಯುತ್ತೇ ಕಡಿಮೆಯಾಗುತ್ತದೆ. ಜೊತೆಗೆ ನಮ್ಮ ಬೇಸಗೆ: ಉಷ್ಣತೆ 10 ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ತಜ್ಞರ ಸ್ಥೂಲ ನಿಯಮ. ಹಳತಾಗಿ ಧಾರಣಶಕ್ತಿಯ ಮೂರನೆಯ ಒಂದು ಪಾಲು ಕುಂದಿದ ಬ್ಯಾಟರಿ 53 ಕಿಲೋಮೀಟರಿಗೇ ಕೈಚೆಲ್ಲುತ್ತದೆ. ಆಗ ಹುಮನಾಬಾದು ಇನ್ನೂ 7 ಕಿಲೋಮೀಟರ್ ದೂರದಲ್ಲಿರುವಾಗ, ಹೆದ್ದಾರಿಯ ಬದಿಯಲ್ಲಿ ನಿಂತು ಹಗ್ಗಕ್ಕಾಗಿ ಕಾಯಬೇಕಾದೀತು!

ಹಾಗಾದರೆ ರೇವಾ ಸೋತಿತೆ? ಜನ ಕೊಂಡ ಲೆಕ್ಕದಲ್ಲಿ ಸೋತಿತೆನ್ನಬೇಕು. ಆದರೆ ಇಂದಿನ ವಿದ್ಯುತ್ ಕಾರುಗಳೂ ಎಷ್ಟು ಶಕ್ತಿಯನ್ನು, ಎಷ್ಟು ತೂಕದಲ್ಲಿ, ಎಷ್ಟು ಸುರಕ್ಷಿತವಾಗಿ ಹೊರುವುದು ಎಂಬ ಅದೇ ಲೆಕ್ಕವನ್ನೇ ಬಿಡಿಸುತ್ತಿವೆ. ಆ ಲೆಕ್ಕವನ್ನು, ಸೀಸದ ಬ್ಯಾಟರಿಯನ್ನೇ ನೆಚ್ಚಿಕೊಂಡು, ನಮ್ಮ ನಾಡಿನ ಕಾರ್ಖಾನೆಯೊಂದು ಧೈರ್ಯದಿಂದ ಬರೆಯತೊಡಗಿತು. ಅದನ್ನು ಮುಂದುವರಿಸುವ ವಿದ್ಯಾರ್ಥಿಗಳು ಈ ಓದುಗರಲ್ಲಿಯೇ ಇರಬಹುದು.