ಬದುವಿಗೆ ಬಂದು ನಿಲ್ಲುವ ರಸ್ತೆಗಳು

ಕಲಬುರಗಿಯ ಶಹಾಬಜಾರ್, ಬ್ರಹ್ಮಪುರದ ಹಳೆ ಗಲ್ಲಿಗಳು ಇಕ್ಕಟ್ಟು. ಆಟೊ ಎದುರಾದರೆ ಬೈಕು ಗೋಡೆಗೆ ಸರಿಯಬೇಕು. ಆದರೂ ಗಲ್ಲಿ ಓಣಿಗೆ ಕೂಡುತ್ತದೆ, ಓಣಿ ಚೌಕಕ್ಕೆ. ನಡೆದು ಹೋಗುವವರಿಗೆ ಹತ್ತು ದಾರಿ. ಊರಾಚೆಯ ಹೊಸ ಲೇಔಟುಗಳಲ್ಲಿ ರಸ್ತೆ ಅಗಲ, ದಾರಿ ಮಾತ್ರ ಒಂದೇ.

1347ರಲ್ಲಿ ಬಹಮನಿ ರಾಜಧಾನಿಯಾದ ಊರಿದು. ಕೋಟೆ, ಬಂದೇನವಾಜ್ ದರ್ಗಾ, ಆಮೇಲೆ ಶರಣಬಸವೇಶ್ವರ ಗುಡಿಯ ಸುತ್ತ ಮನೆಗಳೆದ್ದವು. ಗಲ್ಲಿಗಳು ಕಾಲ್ನಡಿಗೆ, ಎತ್ತಿನ ಬಂಡಿಗೆ ತಕ್ಕ ಅಳತೆಯವು. 1961ರಲ್ಲಿ ಒಂದು ಲಕ್ಷದೊಳಗಿದ್ದ ಜನಸಂಖ್ಯೆ 2011ಕ್ಕೆ 5.33 ಲಕ್ಷವಾಯಿತು. ಸೇಡಂ ರಸ್ತೆಗೆ 1980ರಲ್ಲಿ ವಿಶ್ವವಿದ್ಯಾಲಯ, 2019ರಲ್ಲಿ ವಿಮಾನ ನಿಲ್ದಾಣ ಬಂದವು; ಆಳಂದ ರಸ್ತೆಯ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ. ಊರು ಈ ರಸ್ತೆಗಳ ಬೆನ್ನು ಹತ್ತಿತು.

ದಾರಿ ಕಡಿಯುವುದು ಹೊಲದ ಬದುವಿನಲ್ಲಿ. ರೈತನೊಬ್ಬನ ಸರ್ವೆ ನಂಬರಿನ ಜಮೀನು 1964ರ ಭೂಕಂದಾಯ ಕಾಯ್ದೆಯಡಿ ಎನ್‌ಎ (ಕೃಷಿಯೇತರ) ಆಗುತ್ತದೆ. ಲೇಔಟ್ ಮಾಡುವವರು ತಮ್ಮ ಜಮೀನಿನೊಳಗೇ ರಸ್ತೆ ಎಳೆಯುತ್ತಾರೆ. ಪಕ್ಕದ ಹೊಲ ಎನ್‌ಎ ಆಗುವುದು ಎಷ್ಟೋ ವರ್ಷಗಳ ಮೇಲೆ, ಬೇರೆಯವರ ಕೈಯಲ್ಲಿ. ಅಷ್ಟರಲ್ಲಿ ಬದುವಿನ ಮೇಲೆ ಕಂಪೌಂಡ್ ಎದ್ದಿರುತ್ತದೆ. ಡಾಂಬರು ಗೋಡೆಗೆ ಬಂದು ನಿಲ್ಲುತ್ತದೆ. ಆಚೆ ಜಾಲಿಗಿಡ, ಅದರಾಚೆ ಇನ್ನೊಂದು ಲೇಔಟಿನ ಡಾಂಬರು. ಗೋಡೆಯಾಚೆಯ ಮನೆಗೆ ಹೋಗಲು ಮುಖ್ಯರಸ್ತೆಗೆ ಬಂದು ಸುತ್ತು ಹಾಕಬೇಕು. ರಿಂಗ್ ರೋಡ್ ದೊಡ್ಡ ರಸ್ತೆಗಳನ್ನು ಕೂಡಿಸುತ್ತದೆ, ಈ ಗೋಡೆಗಳನ್ನು ದಾಟಿಸುವುದಿಲ್ಲ. ಹಾಲು ತರಲೂ ಬೈಕು ಬೇಕೆನ್ನಿಸುವುದು ಸೋಮಾರಿತನದಿಂದಲ್ಲ.

ಜಗತ್ತಿನ ನಗರಗಳ ಬೀದಿಜಾಲವನ್ನು ಅಳೆದ ಬ್ಯಾರಿಂಗ್ಟನ್-ಲೀ ಮತ್ತು ಮಿಲಾರ್ಡ್-ಬಾಲ್ ಎಂಬ ಸಂಶೋಧಕರು 2020ರಲ್ಲಿ ಹೇಳಿದ್ದೂ ಇದನ್ನೇ: ಹೊಸ ಬಡಾವಣೆಗಳಲ್ಲಿ ಬೀದಿಗಳ ಕೂಡುವಿಕೆ ಕುಗ್ಗುತ್ತಿದೆ. ಅಮೆರಿಕದಲ್ಲಿ ಈ ಚಾಳಿ 1994ರ ಸುಮಾರಿಗೆ ತುದಿ ಮುಟ್ಟಿ ಇಳಿಯತೊಡಗಿತೆಂದು ಅವರದೇ 2015ರ ಅಧ್ಯಯನ ತೋರಿಸಿತ್ತು. ಮನೆ ಕೆಡವಿ ಕಟ್ಟಬಹುದು. ಒಮ್ಮೆ ಬಿದ್ದ ಬೀದಿ ತಲೆಮಾರುಗಟ್ಟಲೆ ಕದಲುವುದಿಲ್ಲ.

ಅದಕ್ಕೇ ಕಮಲಾಪುರದತ್ತ ಈಗಲೇ ನೋಡಬೇಕು. ಕೆಂಪು ಬಾಳೆಗೆ ಹೆಸರಾದ, ಹುಮನಾಬಾದ್ ರಸ್ತೆಯ ಈ ಊರಿಗೆ 2017ರಲ್ಲಿ ಬೀದರ್–ಕಲಬುರಗಿ ರೈಲು ಬಂತು; ತಾಲ್ಲೂಕು ಪಟ್ಟವೂ ಸಿಕ್ಕಿದೆ. ಲೇಔಟಿಗೆ ಒಪ್ಪಿಗೆ ಕೊಡುವವರು ಹೊಲಗಳು ಪ್ಲಾಟುಗಳಾಗುವ ಮೊದಲೇ ಕೂಡುರಸ್ತೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಪ್ರತಿ ಲೇಔಟಿನ ರಸ್ತೆಯನ್ನೂ ಪಕ್ಕದ ಹೊಲದ ಬದುವಿನವರೆಗೆ ತೆರೆದಿಡುವ ಷರತ್ತು ಹಾಕಲಿ. ಪ್ಲಾಟು ಕೊಳ್ಳುವವರೂ ಮುಂಗಡ ಕೊಡುವ ಮುನ್ನ ನಕ್ಷೆ ಬಿಡಿಸಿ ಕೇಳಲಿ: ಈ ರಸ್ತೆ ಮುಂದೆ ಎಲ್ಲಿಗೆ ಕೂಡುತ್ತದೆ?